ಬೆಟಗೇರಿಯ ಓಣಿಗಳಲ್ಲಿ ಮಗ್ಗ ನಿಂತಾಗ

ಲಾಕ್‌ಡೌನಿನ ಮಾತು ಬಂದಾಗಲೆಲ್ಲ ಯಾರಾದರೊಬ್ಬರು, "ಏನೇ ಹೇಳಿ, ಊರು ಎಷ್ಟು ಶಾಂತವಾಗಿತ್ತು" ಎನ್ನುತ್ತಾರೆ. ಮೊಬೈಲಿನಲ್ಲಿ ಖಾಲಿ ರಸ್ತೆಯ ಫೋಟೊ ತೋರಿಸುತ್ತಾರೆ. 2020ರ ಏಪ್ರಿಲ್, ಮೇ ತಿಂಗಳ ಸಂಜೆಗಳಲ್ಲಿ ಗದಗ-ಬೆಟಗೇರಿ ಅವಳಿ ಊರಿನ ಆ ಖಾಲಿ ರಸ್ತೆಗಳಲ್ಲಿ ನಾನು ನಡೆದವಳು. ನನಗೆ ಆ ಶಾಂತಿ ಒಗ್ಗಲಿಲ್ಲ. ಅದು ಒಮ್ಮೆಲೇ ಬಂದದ್ದೂ ಅಲ್ಲ. ಇವತ್ತು ಈ ಮನೆಯ ಕೆಲಸ ನಿಂತಿತು, ನಾಳೆ ಆ ಮನೆಯದು ನಿಂತಿತು, ಹಾಗೆ ವಾರದಿಂದ ವಾರಕ್ಕೆ ಓಣಿಗಳು ಸದ್ದು ಕಳೆದುಕೊಳ್ಳುತ್ತ ಹೋದವು.

ನಮ್ಮದು ಸಣ್ಣ ಮುದ್ರಣಾಲಯ. ಅಪ್ಪ ಅಚ್ಚಿನ ಮೊಳೆ ಜೋಡಿಸಿ, ಟ್ರೆಡಲ್ ಮಷಿನ್ ತುಳಿದು ಶುರು ಮಾಡಿದ್ದು; ಆಫ್‌ಸೆಟ್ ಮಷಿನ್ ತಂದವಳು ನಾನು. ಗದಗ ಮೊದಲಿನಿಂದಲೂ ಪ್ರೆಸ್ಸುಗಳ ಊರು. ಅಂಕಲಿಪಿ, ಪಂಚಾಂಗ, ಬಯಲಾಟದ ಪುಸ್ತಕ, ಭಜನೆ ಪದಗಳು ಇಲ್ಲಿಂದ ಹಳ್ಳಿಹಳ್ಳಿಗೆ ಹೋದವು. ತೋಂಟದಾರ್ಯ ಮಠ ಹೊರತಂದ ಪುಸ್ತಕಗಳೇ ನೂರಾರು. ಆದರೆ ನಮ್ಮಂಥ ಚಿಕ್ಕ ಪ್ರೆಸ್ಸು ನಡೆಯುವುದು ಲಗ್ನಪತ್ರಿಕೆಯಿಂದ. ಯುಗಾದಿಯಿಂದ ಆಷಾಢದವರೆಗಿನ ಹಂಗಾಮಿನಲ್ಲಿ ದುಡಿದದ್ದೇ ಉಳಿದ ತಿಂಗಳುಗಳಿಗೆ ಆಧಾರ. ಆ ವರ್ಷ ಯುಗಾದಿ ಬಂದದ್ದು ಮಾರ್ಚ್ 25ಕ್ಕೆ. ಲಾಕ್‌ಡೌನಿನ ಮೊದಲ ದಿನವೂ ಅದೇ.

ಛಾಪಿಸಿ, ಕಟ್ಟಿಟ್ಟ ಲಗ್ನಪತ್ರಿಕೆಗಳ ಬಂಡಲ್‌ಗಳು ಪ್ರೆಸ್ಸಿನಲ್ಲೇ ಉಳಿದವು. ಹೆಚ್ಚಿನವುಗಳ ಮೇಲೆ ಇದ್ದದ್ದು ಏಪ್ರಿಲ್ 26ರ ತಾರೀಖು. ಬಸವ ಜಯಂತಿ, ಅಕ್ಷಯ ತೃತೀಯ ಎರಡೂ ಅಂದೇ. ಒಯ್ಯಲು ಯಾರೂ ಬರಲಿಲ್ಲ. ಬರುವಂತೆಯೂ ಇರಲಿಲ್ಲ.

ಸಂಜೆ ನಾನು ಹೊರಡುತ್ತಿದ್ದದ್ದು ಎರಡು ಕಾರಣಕ್ಕೆ. ಮೊದಲನೆಯದು ಮಷಿನ್. ಹಾಗೆಯೇ ಬಿಟ್ಟರೆ ಉಳಿದ ಶಾಯಿ ರೋಲರಿನ ಮೇಲೆ ಒಣಗಿ ಹಿಡಿದುಕೊಳ್ಳುತ್ತದೆ, ರಬ್ಬರ್ ಒತ್ತಿಕೊಂಡ ಕಡೆ ಚಪ್ಪಟೆಯಾಗುತ್ತದೆ. ಸೀಮೆಎಣ್ಣೆಯ ಅರಿವೆಯಿಂದ ಒರೆಸಿ, ಕೈಯಿಂದಲೇ ನಾಲ್ಕು ಸುತ್ತು ತಿರುಗಿಸಿ, ಕಾಗದದ ರೀಮುಗಳಿಗೆ ಇಲಿ ಬಿದ್ದಿದೆಯೇ ಎಂದು ನೋಡಬೇಕು. ಎರಡನೆಯದು ನಮ್ಮ ಬೈಂಡಿಂಗ್ ಕಾಕಾ. ಅಪ್ಪನ ಕಾಲದಿಂದ ನಮ್ಮಲ್ಲಿರುವವರು, ಮನೆ ಬೆಟಗೇರಿಯಲ್ಲಿ. ಅವರ ರಕ್ತದೊತ್ತಡದ ಮಾತ್ರೆ ನಮ್ಮ ಮನೆಯ ಹತ್ತಿರದ ಔಷಧಿ ಅಂಗಡಿಯಲ್ಲಿ ಸಿಗುತ್ತಿತ್ತು. ಪೊಲೀಸರು ತಡೆದಾಗ ಡಾಕ್ಟರ ಚೀಟಿ ತೋರಿಸುತ್ತಿದ್ದೆ, ನೋಡಿ ಬಿಡುತ್ತಿದ್ದರು. ಮೇ 4ರಿಂದ ಸಂಜೆ ಏಳಕ್ಕೆ ಸಂಚಾರ ಬಂದ್ ಎಂದಾದ ಮೇಲೆ ಬಿಸಿಲಿರುವಾಗಲೇ ಮನೆ ಬಿಟ್ಟು ಬೇಗ ಮರಳಬೇಕಾಗುತ್ತಿತ್ತು.

ಪೇಟೆಯ ಟಾಂಗಾಕೂಟದಲ್ಲಿ ಆ ಹೊತ್ತಿಗೆ ಒಬ್ಬರೂ ಇರುತ್ತಿರಲಿಲ್ಲ. ನಮ್ಮ ಊರಿನ ಸಂಜೆ ಎಂದರೆ ಬದನೆಕಾಯಿ ಬಜ್ಜಿ, ಮಿರ್ಚಿ, ಗಿರ್ಮಿಟ್. ಬಂಡಿಗಳನ್ನು ಪ್ಲಾಸ್ಟಿಕ್ ಹಾಳೆಯಿಂದ ಸುತ್ತಿ ಗೋಡೆಗೆ ಸರಪಳಿ ಹಾಕಿ ಬಿಗಿದಿದ್ದರು. ವೀರನಾರಾಯಣ ದೇವಸ್ಥಾನದ ಬಾಗಿಲು ಮುಚ್ಚಿತ್ತು. ತ್ರಿಕೂಟೇಶ್ವರ ಪುರಾತತ್ವ ಇಲಾಖೆಯ ಸ್ಮಾರಕವಾದ್ದರಿಂದ ಮಾರ್ಚ್ 17ರಿಂದಲೇ ಪ್ರವೇಶವಿರಲಿಲ್ಲ. ಜುಮ್ಮಾ ಮಸೀದಿಗೂ ಈ ಎರಡು ದೇವಸ್ಥಾನಗಳಿಗೂ ಒಂದೇ ಟ್ರಸ್ಟ್ ಇರುವ ಊರು ನಮ್ಮದು. ಆ ವರ್ಷ ಮೂರೂ ಕಡೆ ಒಟ್ಟಿಗೆ ಜನ ಕಾಣದಾದರು. ರಂಜಾನ್ ಉಪವಾಸ ಶುರುವಾದ ಮೇಲೆ ಹೊತ್ತು ಮುಳುಗುವಾಗಿನ ಮಗ್ರಿಬ್ ನಮಾಜಿಗೆ ಅಜಾನ್ ಕೇಳುತ್ತಿತ್ತು, ರಸ್ತೆಗೆ ಒಂದು ಹೆಜ್ಜೆಯೂ ಬೀಳುತ್ತಿರಲಿಲ್ಲ. ರಂಗನವಾಡಿಯ ಕಡೆ ಸೀಲ್‌ಡೌನ್ ಆದಾಗ ನಾನು ಸುತ್ತುಹಾದಿ ಹಿಡಿದೆ. ಪ್ರಯಾಣಿಕರ ರೈಲು ನಿಂತಿದ್ದರೂ ಗೂಡ್ಸ್ ಗಾಡಿಗಳು ಓಡುತ್ತಿದ್ದವು. ಅವುಗಳ ಸೀಟಿ ಕೇಳಿದರೆ, ಎಲ್ಲೋ ಏನೋ ನಡೆಯುತ್ತಿದೆ ಎಂದು ಧೈರ್ಯ ಬರುತ್ತಿತ್ತು.

ನಲ್ಲಿಗೆ ನೀರು ಬಿಟ್ಟ ಸಂಜೆ ಮಾತ್ರ ಎಲ್ಲ ಬೇರೆ. ನಮ್ಮಲ್ಲಿ ನೀರಿನ ಸರದಿ ಬರುವುದು ಎಷ್ಟೋ ದಿನಕ್ಕೊಮ್ಮೆ. ಆಗ ಯಾವ ಲಾಕ್‌ಡೌನೂ ಕೊಡಗಳನ್ನು ಒಳಗೆ ಇಡಿಸಲಾರದು. ಹೆಂಗಸರು ಸೆರಗನ್ನು ಮೂಗಿಗೆ ಕಟ್ಟಿಕೊಂಡು, ಕೊಡಗಳ ನಡುವೆ ಅಂತರ ಬಿಟ್ಟು ನಿಲ್ಲುತ್ತಿದ್ದರು. ನಾನೂ ಸ್ವಲ್ಪ ಹೊತ್ತು ನಿಂತು ಮಾತಾಡುತ್ತಿದ್ದೆ. ಆ ಸಂಜೆಗಳು ನನಗೆ ಬಹಳ ಹಿತವೆನಿಸಿದವು.

ಮನೆಗಳನ್ನು ನಾನು ಗುರುತಿಸುವುದು ಲಗ್ನಪತ್ರಿಕೆಯ ಮೇಲಿನ ಹೆಸರುಗಳಿಂದ. ಈ ಮನೆಯ ಮಗಳ ಲಗ್ನ 26ಕ್ಕೆ, ಆ ಮನೆಯ ಅಣ್ಣತಮ್ಮಂದಿರದು ಒಂದೇ ಹಂದರದಲ್ಲಿ. ಒಂದು ಮನೆಯ ಮುಂದೆ ಹಂದರದ ಗಳಗಳನ್ನು ತಂದು ಒಟ್ಟಿದ್ದರು. ವಾರಗಟ್ಟಲೆ ಹಾಗೇ ಬಿದ್ದಿದ್ದವು. ಆ ಮನೆಯ ತಾಯಿ ಹೊಸ್ತಿಲಲ್ಲಿ ನಿಂತೇ ಕೂಗಿ ಹೇಳಿದರು: "ಅಕ್ಕಾ, ಕಾರ್ಡು ಹಾಗೇ ಇರಲಿ. ತಾರೀಖು ಕೂಡಿ ಬಂದರೆ ಹೇಳುತ್ತೇವೆ. ಬಾಕಿ ಮರೆಯುವುದಿಲ್ಲ." ಬಾಕಿಯ ಮಾತನ್ನು ನಾನು ಎತ್ತಿರಲಿಲ್ಲ. ಅದನ್ನೂ ಅವರೇ ಹೊತ್ತುಕೊಂಡು ಕೂತಿದ್ದರು ಎಂಬುದು ನನ್ನನ್ನು ಬಹಳ ಕಾಡಿತು. ಮೇ ತಿಂಗಳಲ್ಲಿ ಮದುವೆಗೆ ಐವತ್ತೇ ಜನ ಎಂಬ ನಿಯಮ ಬಂತು. ಐವತ್ತು ಜನರನ್ನು ಕರೆಯಲು ಲಗ್ನಪತ್ರಿಕೆ ಯಾರಿಗೆ ಬೇಕು? ಫೋನಿನಲ್ಲಿ ಮುಗಿಯುತ್ತದೆ.

ಬೆಟಗೇರಿಗೆ ಬಂದಾಗ ಕಿವಿ ತಾನಾಗಿಯೇ ಚುರುಕಾಗುತ್ತಿತ್ತು. ನೇಕಾರರ ಓಣಿಗಳಲ್ಲಿ ಏಪ್ರಿಲ್ ಮೊದಲ ವಾರದಲ್ಲಿ ಮಗ್ಗಗಳು ಇನ್ನೂ ಆಡುತ್ತಿದ್ದವು. ಮನೆಯೊಳಗಿನ ಕೆಲಸವಲ್ಲವೇ, ಹೊರಗೆ ಬರುವ ಅಗತ್ಯವಿಲ್ಲ; ಕೈಯಲ್ಲಿದ್ದ ನೂಲು ಇರುವವರೆಗೆ ನೇಯ್ದರು. ನೂಲು ಹೊರಗಿನಿಂದ ಬರಬೇಕು, ಲಾರಿ ಬರಲಿಲ್ಲ. ನೇಯ್ದ ಸೀರೆಯನ್ನು ವ್ಯಾಪಾರಿ ಎತ್ತಬೇಕು, ಅಂಗಡಿ ಮುಚ್ಚಿತ್ತು, ಅದಕ್ಕಿಂತ ಹೆಚ್ಚಾಗಿ ಲಗ್ನವೇ ಇರಲಿಲ್ಲ. ನನ್ನ ಪ್ರೆಸ್ಸು ನಿಂತದ್ದಕ್ಕೂ ಅವರ ಮಗ್ಗ ನಿಂತದ್ದಕ್ಕೂ ಬೇರು ಒಂದೇ ಎಂದು ನನಗೆ ಹೊಳೆದದ್ದು ಅಲ್ಲಿ ನಡೆಯುವಾಗಲೇ. ಮೊದಲು ಓಣಿಯ ತುದಿಯ ಮನೆ, ಆಮೇಲೆ ಗುಡಿಯ ಪಕ್ಕದ್ದು. ಮೇ ನಡುವಿನ ಹೊತ್ತಿಗೆ ಕಾಕಾನ ಮನೆಯ ಮಗ್ಗವೂ ನಿಂತಿತು. ಅದನ್ನು ನೇಯುತ್ತಿದ್ದವರು ಅವರ ಹೆಂಡತಿ. ಲಾಳಿಯನ್ನು ಒರೆಸಿ ದೇವರ ಮಾಡದಲ್ಲಿ ಇಟ್ಟಿದ್ದರು.

ಮೇ 6ರಂದು ರಾಜ್ಯ ಸರ್ಕಾರ 1,610 ಕೋಟಿ ರೂಪಾಯಿಯ ಪರಿಹಾರ ಪ್ರಕಟಿಸಿತು. ಕ್ಷೌರಿಕರಿಗೆ, ಅಗಸರಿಗೆ, ಆಟೊ-ಟ್ಯಾಕ್ಸಿ ಚಾಲಕರಿಗೆ ತಲಾ 5,000. ಕೈಮಗ್ಗ ನೇಕಾರರಿಗೆ 2,000. ಕಾಕಾ ನನ್ನನ್ನು ಕೇಳಿದರು: "ತಂಗೀ, ಅದರಲ್ಲಿ ಬೈಂಡರ್ ಅಂತ ಇದೆಯೇ?" ನಾನು ಸುದ್ದಿಪತ್ರಿಕೆಯನ್ನು ಪೂರ್ತಿ ಓದಿ ಹೇಳಿದೆ, ಇಲ್ಲ ಕಾಕಾ. "ನಮ್ಮ ಕೆಲಸ ಕಣ್ಣಿಗೆ ಕಾಣುವುದಿಲ್ಲ ಬಿಡು. ಪುಸ್ತಕ ಹಿಡಿದವನು ಹೊಲಿಗೆ ನೋಡುತ್ತಾನೆಯೇ?" ಎಂದರು. ಅವರ ದನಿಯಲ್ಲಿ ದೂರು ಇರಲಿಲ್ಲ. ನನಗೆ ಮಾತ್ರ ಸಿಟ್ಟು ಬಂತು, ಇಂದಿಗೂ ಇಳಿದಿಲ್ಲ. ಅರ್ಧ ಸಂಬಳ ನಾನು ಕೊಡುತ್ತಿದ್ದೆ. ಅದಕ್ಕಿಂತ ಹೆಚ್ಚು ಕೊಡುವ ಶಕ್ತಿ ಇರಲಿಲ್ಲ.

ಜೂನಿನಲ್ಲಿ ಬೀಗ ತೆಗೆದಾಗ ಬಂದ ಮೊದಲ ಕೆಲಸ ಲಗ್ನಪತ್ರಿಕೆಯಲ್ಲ, ಅಂಗಡಿಗಳ ಬಾಗಿಲಿಗೆ ಅಂಟಿಸುವ "ಮಾಸ್ಕ್ ಇಲ್ಲದೆ ಪ್ರವೇಶವಿಲ್ಲ" ಎಂಬ ಚೀಟಿ. ತಿಂಗಳು ಮುಗಿಯುವ ಮೊದಲೇ ಆಷಾಢ ಬಂದೇಬಿಟ್ಟಿತು. ಹಂದರದ ಗಳ ಒಟ್ಟಿದ್ದ ಮನೆಯವರು ಬಂದದ್ದು ತುಳಸಿ ಲಗ್ನದ ನಂತರ. ಅದೇ ವಧು, ಅದೇ ವರ, ನೂರೇ ಕಾರ್ಡು. ಹಳೆಯ ಪ್ರತಿಯನ್ನೇ ಪ್ರೂಫ್ ಎಂದು ಮುಂದಿಟ್ಟು ಕೂತೆವು. ತಾರೀಖು ಬದಲಿಸಿದೆ, ಸ್ಥಳ ಮನೆಯಂಗಳ ಎಂದಾಯಿತು. ಆಮೇಲೆ ಹುಡುಗಿಯ ತಂದೆ ತಮ್ಮ ತಂದೆಯ ಹೆಸರಿನ ಮೇಲೆ ಬೆರಳಿಟ್ಟು, "ಇದರ ಹಿಂದೆ ಲಿಂ. ಹಾಕಬೇಕು" ಎಂದರು. ಬಂದ್ ಇದ್ದ ದಿನಗಳಲ್ಲೇ ಅಜ್ಜ ತೀರಿಕೊಂಡಿದ್ದರಂತೆ; ಮಣ್ಣಿಗೆ ಇಪ್ಪತ್ತು ಜನರೂ ಕೂಡಿರಲಿಲ್ಲವಂತೆ. ದಿನವೂ ಅದೇ ಮನೆಯ ಮುಂದೆ ಹಾಯ್ದು ಹೋಗಿದ್ದ ನನಗೆ ಸುದ್ದಿಯೇ ತಿಳಿದಿರಲಿಲ್ಲ.

ಕಾಕಾನ ಮನೆಯ ಮಗ್ಗ ಮತ್ತೆ ಶುರುವಾಗಲಿಲ್ಲ. ಕಾಲಿಡುವ ಗುಂಡಿಗೆ ಮಣ್ಣು ತುಂಬಿ, ಫರಸಿ ಹಾಕಿಸಿ, ಆ ಕೋಣೆಯನ್ನು ಬಾಡಿಗೆಗೆ ಕೊಟ್ಟಿದ್ದಾರೆ. ಕಾಕಾ ಈಗಲೂ ಕೆಲಸ ಇದ್ದ ದಿನ ಬರುತ್ತಾರೆ. ಹಾಳೆ ಮಡಿಸುವವರು, ಹೊಲಿಯುವವರು, ಅಂಟು ಹಚ್ಚುವವರು, ಕಟಿಂಗ್ ಮಷಿನ್ನಿನ ಹುಡುಗ, ಸ್ಕ್ರೀನ್ ಪ್ರಿಂಟಿಂಗ್ ಮಾಡುವ ಹೆಣ್ಣುಮಕ್ಕಳು, ಇವರೆಲ್ಲ ಸೇರಿ ಒಂದು ಅರ್ಜಿ ಬರೆಯಬೇಕು, ದುಡಿಯುವವರ ಪಟ್ಟಿಯಲ್ಲಿ ನಮ್ಮನ್ನೂ ಬೇರೆಯಾಗಿ ಬರೆದುಕೊಳ್ಳಿ ಎಂದು ಕೇಳಬೇಕು ಎಂದು ನಾನು ಹೇಳುತ್ತ ಬಂದಿದ್ದೇನೆ. ಗದಗಿನಲ್ಲಿ ಪ್ರೆಸ್ಸು ಇರುವವರು, ಅಲ್ಲಿ ದುಡಿಯುವವರು ಇದನ್ನು ಓದಿದರೆ ನನ್ನೊಡನೆ ಸೇರಿಕೊಳ್ಳಿ. ಅರ್ಜಿಯನ್ನು ನಾನೇ ಛಾಪಿಸುತ್ತೇನೆ.