ದುಃಖದಲ್ಲಿರುವ ಗೆಳೆಯನಿಗೆ ಯಾವ ವಚನ ಹೇಳಲಿ?

ಬೈಬಲ್ ಓದುವವನೆಂದು ತಿಳಿದವರು ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆ ಇದು: "ಗೆಳೆಯನಿಗೆ ದೊಡ್ಡ ಆಘಾತವಾಗಿದೆ, ನೋಡಲು ಹೊರಟಿದ್ದೇನೆ. ಯಾವ ವಚನ ಹೇಳಲಿ?" ನನ್ನ ಉತ್ತರ ಸ್ವಲ್ಪ ಒರಟು. ಹೋಗಿ ಅವನ ಪಕ್ಕದಲ್ಲಿ ಕುಳಿತುಕೊಳ್ಳಿ, ವಚನಕ್ಕೆ ಅವಸರವಿಲ್ಲ.

ಇದು ನನ್ನ ಸ್ವಂತ ಬುದ್ಧಿಯಲ್ಲ, ಬೈಬಲಿನ ಯೋಬನ ಗ್ರಂಥ ಕಲಿಸಿದ್ದು. ಆಸ್ತಿ, ಹತ್ತು ಮಕ್ಕಳು, ಕೊನೆಗೆ ಆರೋಗ್ಯವನ್ನೂ ಕಳೆದುಕೊಂಡ ಯೋಬ ಬೂದಿಯಲ್ಲಿ ಕುಳಿತು ಮಡಕೆಯ ಚೂರಿನಿಂದ ಮೈ ಕೆರೆದುಕೊಳ್ಳುತ್ತಿದ್ದ. ಎಲೀಫಜ, ಬಿಲ್ದದ, ಚೋಫರ ಎಂಬ ಮೂವರು ಗೆಳೆಯರು ತಂತಮ್ಮ ಊರುಗಳಿಂದ ಬಂದರು. ದೂರದಿಂದ ಅವನ ಗುರುತೇ ಸಿಗಲಿಲ್ಲ. ಬಟ್ಟೆ ಹರಿದುಕೊಂಡು ಗಟ್ಟಿಯಾಗಿ ಅತ್ತರು. ಆಮೇಲೆ ಏಳು ದಿನ, ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಕುಳಿತರು. ಒಬ್ಬರೂ ತುಟಿ ಬಿಚ್ಚಲಿಲ್ಲ. ಚರ್ಚಿನ ಪ್ರಸಂಗಗಳಲ್ಲಿ ಈ ಮೂವರನ್ನು ಬೈಯುವುದೇ ರೂಢಿ. ಆ ಏಳು ದಿನಗಳ ಮಟ್ಟಿಗೆ ಅವರಷ್ಟು ಒಳ್ಳೆಯ ಗೆಳೆಯರು ಬೈಬಲಿನಲ್ಲಿ ಸಿಗುವುದು ಕಷ್ಟ.

ಮೌನ ಮುರಿದವನು ಯೋಬನೇ. ತಾನು ಹುಟ್ಟಿದ ದಿನವನ್ನು ಶಪಿಸಿದ. ಅದನ್ನು ಕೇಳಿಸಿಕೊಂಡು ಸುಮ್ಮನಿರುವುದು ಅವರಿಂದ ಆಗಲಿಲ್ಲ. ನಿರಪರಾಧಿ ಎಂದಾದರೂ ಹಾಳಾದದ್ದುಂಟೇ ಎಂದು ಎಲೀಫಜ ನಯವಾಗಿ ಶುರು ಮಾಡಿದ. ನಿನ್ನ ಮಕ್ಕಳು ಪಾಪ ಮಾಡಿರಬೇಕು, ಅದಕ್ಕೆ ತಕ್ಕದ್ದು ಆಗಿದೆ ಎಂಬ ಧಾಟಿಯಲ್ಲಿ ಬಿಲ್ದದ ಮಾತಾಡಿದ. ಅದೂ ಮಕ್ಕಳನ್ನು ಮಣ್ಣು ಮಾಡಿದ ತಂದೆಯ ಎದುರಿಗೆ! ನಿನ್ನ ಪಾಪಕ್ಕೆ ಸಿಗಬೇಕಾದಷ್ಟು ಶಿಕ್ಷೆ ಇನ್ನೂ ಸಿಕ್ಕಿಲ್ಲ ಎಂದವನು ಚೋಫರ. ಬೇಸಿಗೆಯಲ್ಲಿ ಬತ್ತುವ ಹಳ್ಳದ ಹಾಗೆ ನೀವು, ನೀರು ನಂಬಿ ಬಂದ ವರ್ತಕರು ಬರಿಗೈಯಲ್ಲಿ ನಿಲ್ಲುತ್ತಾರೆ ಎಂದು ಯೋಬ ನೊಂದುಕೊಂಡ. ನೀವು ಬಾಯಿ ಮುಚ್ಚಿಕೊಂಡಿದ್ದರೆ ಅದೇ ಜಾಣತನವಾಗುತ್ತಿತ್ತು ಎಂದೂ ಹೇಳಿಬಿಟ್ಟ.

ನನಗೆ ಬಹಳ ಮುಖ್ಯವಾಗಿ ಕಾಣುವುದು ಕೊನೆಯ ಅಧ್ಯಾಯ. ದೇವರ ಪರವಾಗಿ ವಕಾಲತ್ತು ವಹಿಸಿದ್ದವರು ಈ ಮೂವರು. ದೇವರನ್ನೇ ಪ್ರಶ್ನಿಸಿದವನು ಯೋಬ. ದೇವರು ಯೋಬನಿಗೂ ಬಿರುಗಾಳಿಯೊಳಗಿಂದ ಸಾಕಷ್ಟು ಕೇಳಿದ್ದುಂಟು. ಆದರೂ ತೀರ್ಪು ಬಂದಾಗ ಕೋಪ ತಿರುಗಿದ್ದು ಎಲೀಫಜನ ಮೇಲೆ, ಅವನ ಇಬ್ಬರು ಜೊತೆಗಾರರ ಮೇಲೆ: ನನ್ನ ಸೇವಕ ಯೋಬ ನನ್ನ ವಿಷಯದಲ್ಲಿ ಸರಿಯಾಗಿ ಮಾತಾಡಿದ, ನೀವು ಮಾತಾಡಲಿಲ್ಲ. ಅಷ್ಟೇ ಅಲ್ಲ, ಅವರಿಗಾಗಿ ಪ್ರಾರ್ಥಿಸಬೇಕಾದವನೂ ಯೋಬನೇ ಆದ. ಆದ್ದರಿಂದ ಗೆಳೆಯ ದೇವರ ಮೇಲೆ ರೇಗಿದರೆ ಗಾಬರಿಬಿದ್ದು ತಿದ್ದಲು ಹೋಗಬೇಡಿ. ದೇವರಿಗೆ ನಮ್ಮ ವಕೀಲಿಕೆ ಬೇಕಾಗಿಲ್ಲ.

"ಹಾಗಾದರೆ ಮಾತಾಡಲೇಬಾರದೇ?" ಎಂದು ಕೆಲವರು ಪಟ್ಟು ಹಿಡಿಯುತ್ತಾರೆ. ಮಾತಾಡಬಹುದು, ಯೋನಾತಾನನ ಹಾಗೆ. ಅರಸ ಸೌಲನಿಗೆ ಹೆದರಿ ದಾವೀದ ಜೀಫ್ ಅರಣ್ಯದಲ್ಲಿ ತಲೆಮರೆಸಿಕೊಂಡಿದ್ದಾಗ, ಸೌಲನ ಮಗ ಯೋನಾತಾನನೇ ಅವನಿದ್ದಲ್ಲಿಗೆ ಹೋಗಿ ದೇವರಲ್ಲಿ ಬಲಪಡಿಸಿದ. ಹೆದರಬೇಡ, ಅರಸನಾಗುವವನು ನೀನು, ನಾನು ನಿನಗೆ ಎರಡನೆಯವನು ಎಂದ. ಸಿಂಹಾಸನಕ್ಕೆ ಹಕ್ಕುದಾರನಾಗಿದ್ದವನ ಬಾಯಿಂದ ಬಂದ ಮಾತಿದು. ಆ ಸಮಾಧಾನಕ್ಕೆ ಅವನು ತನ್ನದನ್ನೇ ಬಿಟ್ಟುಕೊಟ್ಟಿದ್ದ. ಕೈಯಿಂದ ಏನೂ ಖರ್ಚಾಗದ "ಎಲ್ಲವೂ ಒಳ್ಳೆಯದಕ್ಕೇ" ಎಂಬ ಮಾತಿಗೂ ಇದಕ್ಕೂ ಹೋಲಿಕೆಯೇ ಇಲ್ಲ.

ಇನ್ನು ಏನು ತೆಗೆದುಕೊಂಡು ಹೋಗಬೇಕೆಂಬ ಪ್ರಶ್ನೆ. ಸಂಕಟದಲ್ಲಿರುವವರನ್ನೇ ಕೇಳಿ. ಸೆರೆಯಲ್ಲಿದ್ದ ಅಪೊಸ್ತಲ ಪೌಲ ತನ್ನ ಶಿಷ್ಯ ತಿಮೊಥೆಗೆ ಬರೆದ ಎರಡನೆಯ ಪತ್ರದ ಕೊನೆಯಲ್ಲಿ ಸಂಕೋಚವಿಲ್ಲದೆ ಕೇಳುತ್ತಾನೆ: ದೇಮ ಬಿಟ್ಟುಹೋದ, ಲೂಕನೊಬ್ಬನೇ ಇದ್ದಾನೆ, ಮಾರ್ಕನನ್ನು ಕರೆದುಕೊಂಡು ಬಾ, ತ್ರೋವ ಪಟ್ಟಣದಲ್ಲಿ ಕರ್ಪನ ಬಳಿ ಬಿಟ್ಟುಬಂದ ಮೇಲಂಗಿಯನ್ನೂ ಪುಸ್ತಕಗಳನ್ನೂ ತಾ, ಚಳಿಗಾಲಕ್ಕೆ ಮುಂಚೆಯೇ ಬರಲು ಪ್ರಯತ್ನಿಸು.