ಅಣ್ಣನ ಕಾಯಿಲೆ, ಔಷಧ ಹುಡುಕುವವರು

ಅಡಿಕೆ ಸುಲಿಯೋದರಲ್ಲಿ ನಮ್ಮಣ್ಣನ ಕೈ ಜೋರು. ಮೆಟ್ಟುಗತ್ತಿ ಮುಂದೆ ಕೂತರೆ ಮಾತಾಡ್ತಾನೇ ಡಬ್ಬ ತುಂಬಿಸುತ್ತಿದ್ದ. ಹೋದ ಸುಗ್ಗಿಯಲ್ಲಿ ಕಾಯಿ ಬೆರಳಿಂದ ಜಾರತೊಡಗಿತು. ಹೆಬ್ಬೆರಳು, ತೋರುಬೆರಳಿನ ನಡುವಿನ ಮಾಂಸ ಇಳಿದು ಗುಳಿ ಬಿದ್ದಿತ್ತು. ತೀರ್ಥಹಳ್ಳಿಯಿಂದ ಶಿವಮೊಗ್ಗ, ಅಲ್ಲಿಂದ ಬೆಂಗಳೂರಿನ ನಿಮ್ಹಾನ್ಸ್. ಅಲ್ಲಿ ಹೆಸರು ಗೊತ್ತಾಯಿತು: ಎಎಲ್‌ಎಸ್. ಸ್ನಾಯುಗಳನ್ನು ಆಡಿಸುವ ನರಕೋಶಗಳು ಸಾಯುತ್ತಾ ಹೋಗುವ ಕಾಯಿಲೆ.

ಅಣ್ಣ ನುಂಗುವ ರಿಲುಝೋಲ್ ಮಾತ್ರೆಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 1995ರಲ್ಲಿ. ಪ್ರಯೋಗಗಳಲ್ಲಿ ಅದು ಆಯಸ್ಸು ಹೆಚ್ಚಿಸಿದ್ದು ಎರಡು ಮೂರು ತಿಂಗಳು, ಅಷ್ಟೇ. ಇವತ್ತಿಗೂ ಹೆಚ್ಚಿನವರಿಗೆ ಅದೇ ಗತಿ. ನನಗೆ ಸಿಟ್ಟು ಬರುತ್ತದೆ.

ಈ ನಡುವೆ ಅಣ್ಣನ ಫೋನಿಗೆ ಒಂದು ಕರೆ ಬಂತು. ಸ್ಟೆಮ್ ಸೆಲ್ ಇಂಜೆಕ್ಷನ್, ಗ್ಯಾರಂಟಿ ಗುಣ, ಲಕ್ಷಗಟ್ಟಲೆ ಖರ್ಚು. ಅತ್ತಿಗೆ ತೋಟ ಅಡ ಇಡೋಣ ಅಂದರು. ಅವರನ್ನು ತಪ್ಪು ಅನ್ನೋಕಾಗಲ್ಲ. ಆದರೆ ಎಷ್ಟು ಜನಕ್ಕೆ ಕೊಟ್ಟಿದ್ದೀರಿ, ಎಷ್ಟು ಜನಕ್ಕೆ ಗುಣ ಆಯ್ತು, ಎಲ್ಲಿ ಪ್ರಕಟಿಸಿದ್ದೀರಿ ಅಂತ ಕೇಳಿದರೆ ಆ ಕಡೆಯಿಂದ ಉತ್ತರವೇ ಇಲ್ಲ.

ಆಗ ನನಗೆ ನೆನಪಾದದ್ದು ಅಮೆರಿಕದ ಹೇವುಡ್ ಮನೆಯವರು. ಸ್ಟೀಫನ್ ಮನೆ ಕಟ್ಟುವ ಕೆಲಸದವನು. 1998ರಲ್ಲಿ, 29ನೇ ವಯಸ್ಸಿಗೆ ಎಎಲ್‌ಎಸ್ ಅಂತ ಗೊತ್ತಾಯಿತು. ಮರುವರ್ಷವೇ ಅವನ ಅಣ್ಣ ಜೇಮಿ, ಲಾಭಕ್ಕಲ್ಲದ ಒಂದು ಸಂಶೋಧನಾ ಸಂಸ್ಥೆ ಕಟ್ಟಿದ. ಇಲಿಗಳಲ್ಲಿ ಫಲ ಕೊಟ್ಟಿದೆ ಅಂತ ಬೇರೆಯವರು ಹೇಳಿದ್ದ ಔಷಧಗಳನ್ನು ಆ ಸಂಸ್ಥೆ ಮತ್ತೆ ಪರೀಕ್ಷಿಸಿತು. ಹೆಚ್ಚು ಇಲಿಗಳು, ಇನ್ನೂ ಬಿಗಿ ಲೆಕ್ಕಾಚಾರ. ಫಲ ಕಾಣಲಿಲ್ಲ. 2008ರಲ್ಲಿ ಅದನ್ನು ಇದ್ದಹಾಗೇ ಪ್ರಕಟಿಸಿದರು. ಅಷ್ಟರಲ್ಲಿ ಸ್ಟೀಫನ್ ತೀರಿಕೊಂಡಿದ್ದ. ತಮ್ಮನಿಗೋಸ್ಕರ ಹುಟ್ಟಿದ ಸಂಸ್ಥೆ ‘ಇದರಿಂದ ಆಗಲ್ಲ’ ಅಂತ ಹೇಳೋದು ಸುಲಭ ಅಲ್ಲ, ಅಲ್ವಾ? ನನ್ನ ಪ್ರಕಾರ ರೋಗಿಗಳಿಗೆ ತೋರಿಸಬಹುದಾದ ದೊಡ್ಡ ಗೌರವ ಅದೇ.

2014ರಲ್ಲಿ ಈ ಕಾಯಿಲೆಗೆ ಹಣ ಕೂಡಿಸೋಕೆ ಎಲ್ಲರೂ ತಲೆ ಮೇಲೆ ಐಸ್ ನೀರು ಸುರಿದುಕೊಂಡದ್ದು ನೆನಪಿರಬಹುದು. ಅಮೆರಿಕದ ಎಎಲ್‌ಎಸ್ ಅಸೋಸಿಯೇಷನ್‌ಗೆ 11.5 ಕೋಟಿ ಡಾಲರ್ ಬಂತು. ಅದರಲ್ಲಿ ಸ್ವಲ್ಪ ಹಣ ಪಡೆದ ಒಂದು ಔಷಧಕ್ಕೆ 2022ರಲ್ಲಿ ಒಪ್ಪಿಗೆಯೂ ಸಿಕ್ಕಿತು. ದೊಡ್ಡ ಪ್ರಯೋಗದಲ್ಲಿ ಸೋತ ಮೇಲೆ, 2024ರಲ್ಲಿ ಕಂಪನಿಯೇ ಅದನ್ನು ಮಾರುಕಟ್ಟೆಯಿಂದ ವಾಪಸ್ ತೆಗೆಯಿತು. ಬೇಜಾರಾಯಿತು, ಆದರೆ ನಂಬಿಕೆ ಜಾಸ್ತಿಯಾಯಿತು.

2023ರಲ್ಲಿ ಅಲ್ಲಿ ಒಪ್ಪಿಗೆ ಪಡೆದ ಟೋಫರ್ಸೆನ್ ಅನ್ನೋ ಔಷಧ ಎಸ್‌ಒಡಿ1 ಜೀನ್‌ನಲ್ಲಿ ದೋಷ ಇರುವವರಿಗೆ ಮಾತ್ರ. ಈ ಕಾಯಿಲೆಯವರಲ್ಲಿ ನೂರಕ್ಕೆ ಸುಮಾರು ಇಬ್ಬರು. ಅಣ್ಣನ ರಕ್ತ ಪರೀಕ್ಷೆಗೆ ಕೊಟ್ಟಿದ್ದೇವೆ. ತೋಟ ಅಡ ಇಟ್ಟಿಲ್ಲ.

ಶಿವಮೊಗ್ಗ, ಸಾಗರ, ಹೊಸನಗರದ ಕಡೆ ಈ ಕಾಯಿಲೆಯವರು ಮನೆಯಲ್ಲಿದ್ದರೆ ನನಗೆ ಬರೆಯಿರಿ. ಒಂದು ಭಾನುವಾರ ಶಿವಮೊಗ್ಗದಲ್ಲಿ ಕೂತು ಮಾತಾಡೋಣ. ಜೀನ್ ಪರೀಕ್ಷೆ ಬಗ್ಗೆ ಡಾಕ್ಟರ್ ಹತ್ತಿರ ಏನು ಕೇಳಬೇಕು ಅನ್ನೋದರಿಂದಲೇ ಶುರು ಮಾಡೋಣ.