ಕೋಡ್ ಬಂತು, ಕಾರಣ ಬರಲಿಲ್ಲ

ಟಿಒಟಿಗೆ, ಅಂದರೆ ತಂತ್ರಜ್ಞಾನ ವರ್ಗಾವಣೆ ಒಪ್ಪಂದಕ್ಕೆ, ಸಹಿ ಬಿದ್ದರೆ ಪ್ರಾಡಕ್ಟ್ ಮುಕ್ಕಾಲು ರೆಡಿ ಅಂತ ನಮ್ಮ ಮ್ಯಾನೇಜ್‌ಮೆಂಟ್ ಇವತ್ತಿಗೂ ನಂಬಿದೆ. ರಕ್ಷಣಾ ಪ್ರಯೋಗಾಲಯದಿಂದ ಬಂದದ್ದು ಒಳ್ಳೆಯ ಡ್ರೋನ್ ಸಾಫ್ಟ್‌ವೇರ್, ಅದರಲ್ಲಿ ಎರಡು ಮಾತಿಲ್ಲ. ಆಟೋಪೈಲಟ್, ಜಿಸಿಎಸ್ (ನೆಲದಿಂದ ವಿಮಾನವನ್ನು ನಿಯಂತ್ರಿಸುವ ವ್ಯವಸ್ಥೆ) ಎರಡೂ ವರ್ಷಗಟ್ಟಲೆ ಹಾರಿ ಪಳಗಿದ್ದವು. ಅದನ್ನು ಕಲ್ಲು ಗಣಿಗಳ ಸರ್ವೆ ಮಾಡುವ ಬ್ಯಾಟರಿ ವಿಟಾಲ್‌ಗೆ (ನೇರ ಮೇಲೇರಿ ನೇರ ಇಳಿಯುವ ಡ್ರೋನ್‌ಗೆ) ಕೂರಿಸುವುದು ನಮ್ಮ ಕೆಲಸ. ಪ್ರೂವನ್ ಕೋಡ್, ಫೇಲ್‌ಸೇಫ್ (ಏನಾದರೂ ಕೈಕೊಟ್ಟಾಗ ವಿಮಾನ ತಾನಾಗಿ ಏನು ಮಾಡಬೇಕು ಅನ್ನುವ ಭಾಗ) ಮುಟ್ಟಬೇಡಿ ಅಂತ ರಿವ್ಯೂನಲ್ಲಿ ತೀರ್ಮಾನವಾಯಿತು. ನನಗೂ ಅದೇ ಸರಿ ಅನಿಸಿತ್ತು. ಎಚ್‌ಐಎಲ್‌ನಲ್ಲಿ, ಅಂದರೆ ನಿಜವಾದ ಹಾರ್ಡ್‌ವೇರ್‌ಗೆ ಕೃತಕ ಹಾರಾಟ ತೋರಿಸುವ ಲ್ಯಾಬ್ ಪರೀಕ್ಷೆಯಲ್ಲಿ, ರೇಡಿಯೊ ಲಿಂಕ್ ಕಟ್ ಮಾಡಿದೆವು, ಮತ್ತೆ ಕೊಟ್ಟೆವು. ಪ್ರತಿ ಸಲವೂ ಪಾಸ್.

ತುಮಕೂರು ಕಡೆ ಗ್ರಾಹಕರ ಮುಂದೆ ಡೆಮೊ. ವಿಮಾನ ಗುಡ್ಡದ ಆಚೆ ಹೋಯಿತು, ಲಿಂಕ್ ಲಾಸ್. ವಾಪಸ್ ಬರುತ್ತದೆ ಅಂತ ಕಾದೆವು. ಬರಲಿಲ್ಲ. ಜಿಸಿಎಸ್‌ನಲ್ಲಿ ಬ್ಯಾಟರಿ 41% ಅಂತ ಇತ್ತು, ಆದರೆ ಅದು ಲಿಂಕ್ ಹೋದ ಹೊತ್ತಿನ ಅಂಕಿ. ಆರ್‌ಟಿಎಲ್ (ವಾಪಸ್ ಬಾ ಅನ್ನುವ ಆಜ್ಞೆ) ಒತ್ತಿದರೆ ವಿಮಾನದಿಂದ ಆಕ್, ಅಂದರೆ ತಲುಪಿತು ಅನ್ನುವ ಉತ್ತರ, ಇಲ್ಲ. ಗ್ರಾಹಕರು ಏನೂ ಕೇಳಲಿಲ್ಲ, ಅದು ಇನ್ನೂ ಕಷ್ಟವಾಯಿತು. ಸೇಫ್ಟಿ ಪೈಲಟ್ ಆರ್‌ಸಿ ರಿಮೋಟ್ ಹಿಡಿದು ಜೀಪ್ ಹತ್ತಿದ. ಗುಡ್ಡ ಬಳಸಿ ಹೋಗುವ ಮಣ್ಣಿನ ದಾರಿ. ಆ ಕಡೆ ಬಂಡೆ ಒಡೆಯುವವರು ಇರುತ್ತಾರೆ, ಅವರ ಮೇಲೇನಾದರೂ ಬಿದ್ದರೆ ಅನ್ನುವುದೊಂದೇ ನನ್ನ ತಲೆಯಲ್ಲಿ. ಕೊನೆಗೂ ಅವನ ಫೋನ್ ಬಂತು. ರಾಗಿ ಹೊಲದಲ್ಲಿ ಇಳಿಸಿದ್ದ. ಯಾರಿಗೂ ಏನೂ ಆಗಿರಲಿಲ್ಲ.

ಲಾಗ್ ನೋಡಿದರೆ ಕೋಡ್ ತನ್ನ ಕೆಲಸವನ್ನೇ ಮಾಡಿತ್ತು. ಲಿಂಕ್ ಹೋದರೆ ಮೇಲೇರಬೇಕು, ಅಲ್ಲೇ ಸುತ್ತಬೇಕು, ಟೈಮರ್ ಮುಗಿದ ಮೇಲೆ ವಾಪಸ್ ಬರಬೇಕು. ನಿಶಾಂತ್ ತರದ ಸೇನೆಯ ಮಾನವರಹಿತ ವಿಮಾನಕ್ಕೆ ಇದು ಸರಿಯೇ. ಅದು ನಾಲ್ಕೂವರೆ ಗಂಟೆ ಹಾರುತ್ತಿತ್ತು. ಸಾವಿರಾರು ಅಡಿ ಏರಿದರೆ ಯಾವ ಗುಡ್ಡ ಅಡ್ಡ ಬರುತ್ತದೆ? ನಮ್ಮದು ಮುಕ್ಕಾಲು ಗಂಟೆಯ ಬ್ಯಾಟರಿ. ಸಾಲದ್ದಕ್ಕೆ, 2021ರ ಡ್ರೋನ್ ನಿಯಮಗಳಲ್ಲಿ ಹಸಿರು ವಲಯಕ್ಕೆ 400 ಅಡಿ ಮಿತಿ ಇದೆ ಅಂತ ನಾವೇ ಜಿಯೋಫೆನ್ಸ್ (ವಿಮಾನ ದಾಟದಂತೆ ಸಾಫ್ಟ್‌ವೇರ್‌ನಲ್ಲಿ ಹಾಕುವ ಬೇಲಿ) ಹಾಕಿದ್ದೆವು. ಏರಲು ಹೊರಟ ವಿಮಾನವನ್ನು ಅದು ತಡೆಯಿತು. ಗುಡ್ಡದ ಹಿಂದೆಯೇ ಸುತ್ತುತ್ತಾ ಉಳಿಯಿತು. ಎಚ್‌ಐಎಲ್‌ನಲ್ಲಿ ಗುಡ್ಡವೇ ಇರಲಿಲ್ಲ, ಅಲ್ವಾ?

ಎಸ್‌ಆರ್‌ಎಸ್‌ನಲ್ಲಿ (ಸಾಫ್ಟ್‌ವೇರ್ ಏನು ಮಾಡಬೇಕು ಅಂತ ಬರೆದಿಟ್ಟ ದಾಖಲೆಯಲ್ಲಿ) ಏರಬೇಕು, ಸುತ್ತಬೇಕು ಅಂತಷ್ಟೇ ಇದೆ. ಯಾಕೆ ಅಂತ ಒಂದು ಸಾಲೂ ಇಲ್ಲ. ಆ ಕಾರಣ ಕೋಡ್ ಬರೆದವರಿಗೆ ಗೊತ್ತಿತ್ತು. ಅವರು ನಿವೃತ್ತರಾಗಿ ಬೆಂಗಳೂರಲ್ಲೇ ಇದ್ದಾರೆ. ಫೋನ್ ಮಾಡಿ ನಡೆದದ್ದು ಹೇಳಿದೆ. ಅವರು ಕೇಳಿದ ಮೊದಲ ಪ್ರಶ್ನೆ: "ನಿಮ್ಮ ಸೀಲಿಂಗ್ ಎಷ್ಟು?" ಎಷ್ಟು ಎತ್ತರದವರೆಗೆ ಹಾರಬಹುದು ಅನ್ನುವ ಈ ಪ್ರಶ್ನೆ ನಮ್ಮ ಯಾವ ರಿವ್ಯೂನಲ್ಲೂ ಬಂದಿರಲಿಲ್ಲ.

ಲೈಸೆನ್ಸ್‌ಗೆ ದುಡ್ಡು ಇಡುವಾಗಲೇ ಇಂಥವರ ಸಮಯಕ್ಕೂ ಇಡಬೇಕು. ಹ್ಯಾಂಡ್‌ಹೋಲ್ಡಿಂಗ್ (ಕೈಹಿಡಿದು ಕಲಿಸುವುದು) ಅಂತ ಸುಮ್ನೆ ಪಿಪಿಟಿ ತೋರಿಸಿ ಮುಗಿಸಿದರೆ ಆಗುವುದಿಲ್ಲ. ಒಂದೊಂದು ಫೇಲ್‌ಸೇಫನ್ನೂ ಮುಂದಿಟ್ಟುಕೊಂಡು ಜೊತೆಯಲ್ಲಿ ಕೂರಬೇಕು.

ಲಾಸ್ಟ್ ಲಿಂಕ್ ಫೇಲ್‌ಸೇಫ್ ಈಗ ಬದಲಾಗಿದೆ. ವಿಮಾನ ಬ್ಯಾಟರಿ ನೋಡಿಕೊಂಡು ಬಂದ ದಾರಿಯಲ್ಲೇ ಹಿಂದಿರುಗುತ್ತದೆ. ಮುಂದಿನದು ಎಂಜಿನ್ ಫೇಲ್. ಅಲ್ಲಿ ಕೋಡ್ ಪ್ಯಾರಾಚೂಟ್ ಬಿಚ್ಚುತ್ತದೆ, ನಮ್ಮ ವಿಮಾನದಲ್ಲಿ ಪ್ಯಾರಾಚೂಟೇ ಇಲ್ಲ. ಇದಕ್ಕೆ ಕೋಡ್ ಬರೆದವರನ್ನು ಕರೆಸಿ ಅಂತ ಕೇಳಿದರೆ ಪರ್ಚೇಸ್‌ನವರು ಮೂರು ಕೊಟೇಶನ್ ಬೇಕು ಅನ್ನುತ್ತಾರೆ. ಬರೆದವರು ಒಬ್ಬರೇ ಇರುವಾಗ ಮೂರು ಎಲ್ಲಿಂದ ತರಲಿ? ಈ ವಾರ ಮತ್ತೆ ಕೇಳುತ್ತೇನೆ. ಅವರು ಬಂದು ಕೂರುವವರೆಗೆ ಗಣಿ ಮೇಲೆ ಹಾರಿಸಲು ನಾನು ಸಹಿ ಹಾಕುವುದಿಲ್ಲ.